ಗೋಲ್ಡ್‌ಸ್ಟಾರ್ ಸೈಲೆನ್ಸರ್ ಬಂದ ದಾರಿ

ರಾತ್ರಿ ಹತ್ತರ ಮೇಲೆ ವಿನೋಬನಗರದ ಪೊಲೀಸ್ ಚೌಕಿ ಕಡೆಯಿಂದ ನೂರಡಿ ರಸ್ತೆಗೆ ಒಂದು ಬುಲೆಟ್ ತಿರುಗಿದರೆ ಸಾಕು, ಅದರ ಸೈಲೆನ್ಸರ್ ಯಾವುದು ಎಂದು ಮನೆಯೊಳಗೆ ಕೂತೇ ಹೇಳುವ ಹುಡುಗರು ನಮ್ಮ ಬೀದಿಯಲ್ಲಿದ್ದಾರೆ. ಶಾರ್ಟ್ ಬಾಟಲ್, ಲಾಂಗ್ ಬಾಟಲ್, ಮೆಗಾಫೋನ್, ಇಂದೋರಿ, ಪಂಜಾಬ್, ಗೋಲ್ಡ್‌ಸ್ಟಾರ್. ಒಂದು ಕಾಲಕ್ಕೆ ನಾನೂ ಅವರಲ್ಲೊಬ್ಬನಾಗಿದ್ದೆ. ಗೆಳೆಯರ ಜೊತೆ ಜೋಗ, ಆಗುಂಬೆ ಸುತ್ತಿ ಬರುವ ಯೋಜನೆ ಹಾಕಿದಾಗ ಟೈರು, ಬ್ರೇಕು ನೋಡಿಸುವ ಮೊದಲೇ ಗೋಲ್ಡ್‌ಸ್ಟಾರ್ ತಂದಿದ್ದೆ.

ಅದನ್ನು ಹಾಕಿಕೊಟ್ಟ ಮೇಸ್ತ್ರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಕೆಲಸ ಅರ್ಧ ಗಂಟೆಯದ್ದು. ಕ್ಲ್ಯಾಂಪ್ ಸಡಿಲಿಸಿ, ಹಿಂದಿನ ಬೋಲ್ಟ್ ಬಿಚ್ಚಿ, ಕಂಪನಿಯ ಸೈಲೆನ್ಸರನ್ನು ಬೆಂಡ್ ಪೈಪಿನಿಂದ ಎಳೆದು ತೆಗೆದರು. ಹೊಸದನ್ನು ಕೂರಿಸಿ ಬಿಗಿದರು. “ಹಳೇದನ್ನ ಗುಜರಿಗೆ ಹಾಕ್ಬೇಡಪ್ಪ, ಅಟ್ಟದ ಮೇಲಿಡು. ಬೇಕಾಗುತ್ತೆ” ಎಂದರು. ಯಾಕೆ ಅಂತ ಕೇಳಿದೆ. ಅವರಿಗೆ ಕೇಳಿಸಲಿಲ್ಲ. ಎರಡನೇ ಸಲ ಜೋರಾಗಿ ಕೇಳಿದ ಮೇಲೆ ನಕ್ಕು, “ಯೆಜ್ಡಿ ಕಾಲದಿಂದ ಇದೇ ಆಟ ನೋಡ್ತಾ ಇದೀನಿ” ಎಂದರು.

ಆ ಆಟ ಎಲ್ಲಿಂದ ಶುರುವಾಯಿತು ಎಂದು ಹುಡುಕುತ್ತ ಹೋದಾಗ ಸಿಕ್ಕಿದ್ದು ಈ ಕಥೆ.

ನಮ್ಮ ರಾಜ್ಯದಲ್ಲಿ ಬೈಕಿನ ಶಬ್ದಕ್ಕೆ ಮನಸೋತವರ ಕಥೆಯನ್ನು ಮೈಸೂರಿನಿಂದಲೇ ಶುರುಮಾಡಬೇಕು. 1960ರ ದಶಕದ ಆರಂಭದಲ್ಲಿ ಅಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕೆಲಸ ಶುರುಮಾಡಿತು. ಜೆಕೊಸ್ಲೊವಾಕಿಯಾದ ಜಾವಾ ಬೈಕನ್ನು ಇಲ್ಲಿ ತಯಾರಿಸಿದರು. 1973ರಿಂದ ಅದಕ್ಕೆ ಯೆಜ್ಡಿ ಎಂಬ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು. ಮಲೆನಾಡಿನ ಅಡಿಕೆ ತೋಟದ ದಾರಿಗಳಲ್ಲಿ, ಭದ್ರಾವತಿಯ ಕಾರ್ಖಾನೆ ಕಾರ್ಮಿಕರ ಕ್ವಾರ್ಟರ್ಸ್‌ಗಳ ಮುಂದೆ ಈ ಗಾಡಿ ನಿಂತಿರುತ್ತಿದ್ದುದನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಜಾವಾ, ಯೆಜ್ಡಿಯ ವಿಶೇಷವೆಂದರೆ ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಇಂಜಿನ್‌ನಿಂದ ಎಡಕ್ಕೊಂದು, ಬಲಕ್ಕೊಂದು ಪೈಪು.

ಆ ಸೈಲೆನ್ಸರ್‌ಗಳ ಒಳಗೆ ಬಿಚ್ಚಿ ತೆಗೆಯಬಹುದಾದ ಒಂದು ಕೊಳವೆ ಇರುತ್ತಿತ್ತು. ಗ್ಯಾರೇಜ್ ಭಾಷೆಯಲ್ಲಿ ಬಫಲ್. ಟೂ-ಸ್ಟ್ರೋಕ್ ಇಂಜಿನ್‌ನಲ್ಲಿ ಪೆಟ್ರೋಲಿನ ಜೊತೆ ಆಯಿಲೂ ಉರಿಯುವುದರಿಂದ ಬಫಲ್‌ಗೆ ಮಸಿ ಕಟ್ಟುತ್ತದೆ, ಗಾಡಿ ಎಳೆಯುವುದಿಲ್ಲ. ಅದನ್ನು ಆಗಾಗ ಹೊರತೆಗೆದು ಶುಚಿ ಮಾಡಲೆಂದೇ ಹಾಗೆ ಮಾಡಿದ್ದರು. ಹುಡುಗರು ತೆಗೆದರು, ಆದರೆ ವಾಪಸ್ ಹಾಕಲಿಲ್ಲ. ಗಾಡಿ ಗುಡುಗಿತು. “ಸದ್ದು ಏರ್ತು, ಎಳೆತ ಇಳೀತು. ಮಂಡಗದ್ದೆ ದಾಟಿ ತೀರ್ಥಹಳ್ಳಿ ಏರು ಬಂದಾಗ ಗೊತ್ತಾಗ್ತಿತ್ತು” ಎನ್ನುತ್ತಾರೆ ಮೇಸ್ತ್ರಿ.

ಅವರು ಕೈಯ ಅನುಭವದಿಂದ ಹೇಳಿದ್ದಕ್ಕೆ ಒಂದು ವಿವರಣೆ ಇದೆ. ಟೂ-ಸ್ಟ್ರೋಕ್‌ನಲ್ಲಿ ಸುಟ್ಟ ಹೊಗೆ ಹೊರಗೆ ಹೋಗುವಾಗಲೇ ಹೊಸ ಪೆಟ್ರೋಲ್-ಗಾಳಿ ಒಳಗೆ ಬರುತ್ತದೆ. ಬಾಗಿಲು ತೆರೆದೇ ಇರುವುದರಿಂದ ಹೊಸದೂ ಒಂದಿಷ್ಟು ಹೊಗೆಯ ಜೊತೆ ಓಡಿಹೋಗುತ್ತದೆ. ಪೈಪಿನ ಆಕಾರ ಸರಿಯಿದ್ದರೆ ಒಳಗೆ ಎದ್ದ ಒತ್ತಡದ ಅಲೆ ತುದಿಗೆ ತಾಗಿ ಹಿಂದಕ್ಕೆ ಬಂದು, ಓಡಿಹೋಗುತ್ತಿದ್ದ ಪೆಟ್ರೋಲನ್ನು ಸಿಲಿಂಡರ್ ಒಳಗೇ ನೂಕುತ್ತದೆ. ಇದನ್ನು ಲೆಕ್ಕ ಹಾಕಿ ಪಳಗಿಸಿದವರಲ್ಲಿ ಮುಖ್ಯರು ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ಇಂಜಿನಿಯರ್ ವಾಲ್ಟರ್ ಕಾಡೆನ್. 1961ರ ಹೊತ್ತಿಗೆ ಅವರ 125 ಸಿಸಿ ರೇಸ್ ಇಂಜಿನ್ 25 ಕುದುರೆ ಶಕ್ತಿ ಕೊಡುತ್ತಿತ್ತು. ಅದೇ ವರ್ಷ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ ರೇಸಿನ ಸಮಯದಲ್ಲಿ ದೇಶ ಬಿಟ್ಟು ಓಡಿಹೋಗಿ ಜಪಾನಿನ ಸುಜುಕಿ ಸೇರಿದ. ಈ ವಿದ್ಯೆಯೂ ಅವನ ಜೊತೆ ಹೋಯಿತು. ಮುಂದೆ ಜಪಾನಿನ ಟೂ-ಸ್ಟ್ರೋಕ್ ಗಾಡಿಗಳು ಜಗತ್ತನ್ನೇ ಆಳಿದವು. 1985ರಲ್ಲಿ ನಮ್ಮ ರಸ್ತೆಗೆ ಬಂದ ಯಮಹಾ ಆರ್‌ಎಕ್ಸ್ 100 ಬರೀ 98 ಸಿಸಿಯಲ್ಲಿ 11 ಕುದುರೆ ಶಕ್ತಿ ಕೊಡುತ್ತಿತ್ತು. ಅಂದರೆ ಪೈಪು ಹೊಗೆ ಬಿಡುವ ಕೊಳವೆ ಮಾತ್ರ ಅಲ್ಲ, ಇಂಜಿನ್‌ನ ಒಂದು ಭಾಗ. ಅದರ ಹೊಟ್ಟೆ ಬಗೆದರೆ ಶಬ್ದ ಸಿಗುತ್ತದೆ, ಶಕ್ತಿ ಸಿಗುತ್ತದೆ ಎಂಬ ಖಾತ್ರಿ ಇಲ್ಲ.

1996ರಲ್ಲಿ ಆರ್‌ಎಕ್ಸ್ 100 ನಿಂತಿತು. ಮೈಸೂರಿನ ಕಾರ್ಖಾನೆಗೆ ಬೀಗ ಬಿದ್ದದ್ದೂ ಅದೇ ವರ್ಷ. ಹೊಗೆಯ ನಿಯಮಗಳು ಬಿಗಿಯಾಗುತ್ತ ಹೋದಂತೆ ರಸ್ತೆ ಫೋರ್-ಸ್ಟ್ರೋಕ್ ಗಾಡಿಗಳದ್ದಾಯಿತು. ದೂರ ಪ್ರಯಾಣದ ಹುಚ್ಚಿರುವವರು ಬುಲೆಟ್ ಹಿಡಿದರು. ಬಫಲ್ ತೆಗೆಯುವ ಕಾಲ ಹೋಗಿ ಸೈಲೆನ್ಸರನ್ನೇ ಬದಲಿಸುವ ಕಾಲ ಬಂತು.

ಇಲ್ಲಿ ನನ್ನ ಗೋಲ್ಡ್‌ಸ್ಟಾರ್ ಕಥೆಗೆ ಬರುತ್ತೇನೆ. ಈ ಹೆಸರು ಬಿಎಸ್ಎ ಎಂಬ ಇಂಗ್ಲಿಷ್ ಕಂಪನಿಯ ಬೈಕಿನದು. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ 1907ರಲ್ಲಿ ತೆರೆದ ಕಾಂಕ್ರೀಟ್ ರೇಸ್ ಟ್ರ್ಯಾಕ್ ಇತ್ತು. ಅಲ್ಲಿ ರೇಸಿನಲ್ಲಿ ಗಂಟೆಗೆ 100 ಮೈಲಿ, ಅಂದರೆ ಸುಮಾರು 160 ಕಿ.ಮೀ. ವೇಗದಲ್ಲಿ ಒಂದು ಸುತ್ತು ಹೊಡೆದ ಬೈಕ್ ಸವಾರನಿಗೆ ಚಿನ್ನದ ನಕ್ಷತ್ರದ ಬ್ಯಾಡ್ಜ್ ಕೊಡುತ್ತಿದ್ದರು. 1937ರಲ್ಲಿ ವಾಲ್ ಹ್ಯಾಂಡ್ಲಿ ಬಿಎಸ್ಎ ಬೈಕಿನಲ್ಲಿ ಅದನ್ನು ಗೆದ್ದ. ಮರುವರ್ಷದ ಮಾದರಿಗೆ ಕಂಪನಿ ಗೋಲ್ಡ್ ಸ್ಟಾರ್ ಎಂದೇ ಹೆಸರಿಟ್ಟಿತು.

ಆ ಟ್ರ್ಯಾಕ್‌ಗೆ ಇನ್ನೊಂದು ಕಥೆಯೂ ಇದೆ. ಸುತ್ತಮುತ್ತಲ ಮನೆಯವರು ಸದ್ದು ತಡೆಯಲಾರದೆ ಮೊದಲಿನಿಂದಲೂ ದೂರುತ್ತಿದ್ದರು. ಕೊನೆಗೆ 1920ರ ದಶಕದಲ್ಲಿ ಅಲ್ಲಿ ಓಡುವ ವಾಹನಗಳಿಗೆಲ್ಲ ದೊಡ್ಡ ಡಬ್ಬಿಯಂಥ ಸೈಲೆನ್ಸರ್ ಕಡ್ಡಾಯವಾಯಿತು. ರೇಸಿನವರು ಅದನ್ನು ಬ್ರೂಕ್‌ಲ್ಯಾಂಡ್ಸ್ ಕ್ಯಾನ್ ಎಂದು ಕರೆದರು. ಹ್ಯಾಂಡ್ಲಿ ಚಿನ್ನದ ನಕ್ಷತ್ರ ಗೆದ್ದದ್ದು ಈ ನಿಯಮ ಬಂದ ಎಷ್ಟೋ ವರ್ಷಗಳ ನಂತರ. ಅಕ್ಕಪಕ್ಕದವರ ನಿದ್ದೆಗೆ ಬೆಲೆ ಕೊಟ್ಟ ಜಾಗದಲ್ಲೇ ಹುಟ್ಟಿದ ಹೆಸರನ್ನು ನಾವು ಅಕ್ಕಪಕ್ಕದವರ ನಿದ್ದೆ ಕೆಡಿಸುವ ಪೈಪಿಗೆ ಇಟ್ಟುಕೊಂಡಿದ್ದೇವೆ.

ನಮ್ಮಲ್ಲೂ ನಿಯಮ ಹೊಸದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಪ್ರತಿ ವಾಹನಕ್ಕೂ ಸೈಲೆನ್ಸರ್ ಇರಲೇಬೇಕು ಎನ್ನುತ್ತದೆ. 175 ಸಿಸಿ ಮೀರಿದ ಬೈಕು ಕಾರ್ಖಾನೆಯ ಪರೀಕ್ಷೆಯಲ್ಲಿ 80 ಡೆಸಿಬಲ್ ದಾಟುವಂತಿಲ್ಲ. ಡೆಸಿಬಲ್ ಲೆಕ್ಕ ನಮ್ಮ ಸಾಮಾನ್ಯ ಲೆಕ್ಕದಂತಲ್ಲ. 80 ಇದ್ದದ್ದು 90 ಆದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರ ನಂತರ ಇರಬೇಕಾದ ಮಿತಿ 45. 2019ರ ತಿದ್ದುಪಡಿಯ ನಂತರ ಕೇಂದ್ರ ಕಾಯ್ದೆಯಲ್ಲಿ ಶಬ್ದದ ನಿಯಮ ಮೀರಿದ ಮೊದಲ ತಪ್ಪಿಗೇ ಮೂರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಬೈಕುಗಳ ಪೈಪಿನಲ್ಲಿ ವಿಷದ ಹೊಗೆ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್, ಆಮ್ಲಜನಕ ಅಳೆಯುವ ಸೆನ್ಸರ್ ಇವೆ. ಕನ್ವರ್ಟರ್ ಇರುವ ಭಾಗವನ್ನೇ ಕಿತ್ತು ಖಾಲಿ ಕೊಳವೆ ಹಾಕಿದರೆ ಸದ್ದಿನ ಜೊತೆ ಹೊಗೆಯೂ ಹೆಚ್ಚುತ್ತದೆ.

ಪೊಲೀಸರು ದೋಷಪೂರಿತ ಸೈಲೆನ್ಸರ್‌ಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸುವ ಫೋಟೊಗಳನ್ನು ನಾವೆಲ್ಲ ನೋಡಿದ್ದೇವೆ. ಹುಡುಗರು ಮರುದಿನ ಇನ್ನೊಂದು ಕೊಳ್ಳುತ್ತಾರೆ, ಮಾರುವ ಅಂಗಡಿ ತೆರೆದೇ ಇರುತ್ತದೆ. ದಂಡಕ್ಕೆ ಹೆದರಿ ನಾನೂ ಬದಲಾಗಲಿಲ್ಲ. ಜೋಗದಿಂದ ವಾಪಸ್ ಬಂದ ರಾತ್ರಿ ಎದುರು ಮನೆಯ ಬಾಣಂತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದು ನಿಂತಳು. ಏನೂ ಅನ್ನಲಿಲ್ಲ. ಮಗು ಕಿರುಚಿ ಅಳುತ್ತಿತ್ತು. ನಾನು ಗಾಡಿ ಆಫ್ ಮಾಡಿ ಒಳಗೆ ತಳ್ಳಿಕೊಂಡು ಹೋದೆ.

ಗಾಡಿಯೂ ಸುಖವಾಗಿರಲಿಲ್ಲ. ಹೊಗೆ ಸಲೀಸಾಗಿ ಹೋಗತೊಡಗಿದರೂ ಕಾರ್ಬುರೇಟರ್‌ನ ಜೆಟ್ ಹಳೆಯದೇ ಇತ್ತು. ಪೆಟ್ರೋಲ್ ಸಾಲದೆ ಇಂಜಿನ್ ಬಿಸಿಯಾಗುತ್ತಿತ್ತು, ಇಳಿಜಾರಿನಲ್ಲಿ ಪಟಾಕಿಯಂತೆ ಸಿಡಿಯುತ್ತಿತ್ತು.

ಮರುವಾರ ಅಟ್ಟದಿಂದ ಹಳೆಯ ಸೈಲೆನ್ಸರ್ ಇಳಿಸಿ ಮೇಸ್ತ್ರಿ ಹತ್ತಿರ ಹೋದೆ. ಅವರು ಯಾಕೆ ಅಂತ ಕೇಳಲಿಲ್ಲ. ತುಕ್ಕು ಉಜ್ಜಿ, ಕೂರಿಸಿ, ಕ್ಲ್ಯಾಂಪ್ ಬಿಗಿದು ಕಿಕ್ ಹೊಡೆದರು. ಇಂಜಿನ್ ಓಡುತ್ತಿದೆಯೋ ಇಲ್ಲವೋ ಅವರಿಗೆ ಕೇಳಿಸುತ್ತಿರಲಿಲ್ಲ ಅನ್ನಿಸುತ್ತದೆ. ಬಗ್ಗಿ ಸೈಲೆನ್ಸರ್ ಬಾಯಿಯಿಂದ ಒಂದು ಗೇಣು ದೂರದಲ್ಲಿ ಅಂಗೈ ಹಿಡಿದರು. ಹೊಗೆಯ ಬಡಿತ ಒಂದೇ ಸಮನೆ ಬರುತ್ತಿರುವುದನ್ನು ಕೈಯಲ್ಲೇ ನೋಡಿ, “ಸರಿ ಇದೆ, ಹೊರಡು” ಎಂದರು.