ಗೃಹಪಾಕದಲ್ಲಿ ಹುದುಗು: ಒಂದು ಚಾರಿತ್ರಿಕ ಸಮೀಕ್ಷೆ

ಗೋದಿಯ ಕಣಕವನ್ನು ಹುದುಗಿಸಿ, ಉಬ್ಬಿಸಿ, ಮುಚ್ಚಿದ ಒಲೆಯಲ್ಲಿ ಬೇಯಿಸುವ ಪದ್ಧತಿ ಪಾಶ್ಚಾತ್ಯ ದೇಶಗಳಲ್ಲಿ ಬಹು ಪ್ರಾಚೀನವಾದುದು. ಆದರೆ ಈ ಉಬ್ಬರಕ್ಕೆ ಕಾರಣವೇನೆಂಬುದು ಹತ್ತೊಂಬತ್ತನೆಯ ಶತಮಾನದವರೆಗೆ ನಿಶ್ಚಿತವಾಗಿರಲಿಲ್ಲ. ಆ ಶತಮಾನದಲ್ಲಿಯೇ ರಾಸಾಯನಿಕ ಪುಡಿಗಳೂ ಅಡಿಗೆಮನೆಯನ್ನು ಹೊಕ್ಕವು. ಅವುಗಳಿಂದ ಗೃಹಿಣಿಗೆ ಲಭಿಸಿದುದೇನು, ಅವಳ ಕೈತಪ್ಪಿದುದೇನು ಎಂಬುದು ಇಲ್ಲಿ ವಿಚಾರಾರ್ಹವಾದ ವಿಷಯ.

ಕ್ರಿ. ಶ. ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ತನ್ನ ನಿಸರ್ಗ ಚರಿತ್ರೆಯಲ್ಲಿ ಹುದುಗಿನ ಹಲವು ವಿಧಾನಗಳನ್ನು ಹೇಳಿದ್ದಾನೆ. ಹಿಂದಿನ ದಿನ ಉಳಿಸಿದ ಕಣಕವನ್ನು ಹೊಸ ಹಿಟ್ಟಿಗೆ ಬೆರೆಸುವುದು ಅವುಗಳಲ್ಲೊಂದು. ಗಾಲ್ ಮತ್ತು ಸ್ಪೇನ್ ಪ್ರಾಂತಗಳವರು ಧಾನ್ಯದ ಮದ್ಯದ ಮೇಲಿನ ನೊರೆಯನ್ನು ಬಳಸುತ್ತಿದ್ದುದರಿಂದ ಅವರ ರೊಟ್ಟಿ ಹೆಚ್ಚು ಹಗುರವಾಗಿತ್ತೆಂದೂ ಅವನು ತಿಳಿಸುತ್ತಾನೆ. ನಮ್ಮಲ್ಲಿ ಇಂದಿನ ಮೊಸರು ನಾಳಿನ ಹಾಲಿಗೆ ಹೆಪ್ಪಾಗುವಂತೆ, ಅಲ್ಲಿ ಒಂದು ದಿನದ ಹುಳಿಹಿಟ್ಟು ಮರುದಿನಕ್ಕೆ ಬೀಜವಾಗುತ್ತಿತ್ತು. ಆದರೆ ಅದಕ್ಕೆ ಹಲವು ಗಂಟೆಗಳ ಕಾಲಾವಕಾಶ ಬೇಕು. ಚಳಿಯಲ್ಲಿ ಕಣಕ ಉಬ್ಬುವುದು ನಿಧಾನ, ಸೆಕೆಯಲ್ಲಿ ಅದು ಹುಳಿಯಾಗುವುದು ಬೇಗ.

ಈ ಅನಿಶ್ಚಿತತೆಯನ್ನು ನೀಗಲು ಕ್ಷಾರಗಳು ಬಳಕೆಗೆ ಬಂದವು. 1796ರಲ್ಲಿ ಪ್ರಕಟವಾದ ಅಮೀಲಿಯಾ ಸಿಮನ್ಸ್ ಎಂಬಾಕೆಯ 'ಅಮೆರಿಕನ್ ಕುಕರಿ' ಎಂಬ ಪಾಕಗ್ರಂಥದಲ್ಲಿ, ಮರದ ಬೂದಿಯಿಂದ ತೆಗೆದ ಪರ್ಲ್‌ಆಷ್ ಎಂಬ ಕ್ಷಾರದ ಉಪಯೋಗ ಕಾಣಬರುತ್ತದೆ. ಹುಳಿಮಜ್ಜಿಗೆಯಂತಹ ಆಮ್ಲಪದಾರ್ಥದೊಡನೆ ಕ್ಷಾರವು ಸೇರಿದಾಗ ಇಂಗಾಲದ ಡೈ ಆಕ್ಸೈಡ್ ಹೊರಟು ಹಿಟ್ಟನ್ನು ಉಬ್ಬಿಸುತ್ತದೆ. 1843ರಲ್ಲಿ ಬರ್ಮಿಂಗ್‌ಹ್ಯಾಮಿನ ಔಷಧವ್ಯಾಪಾರಿ ಆಲ್‌ಫ್ರೆಡ್ ಬರ್ಡ್, ಯೀಸ್ಟ್ ಒಗ್ಗದ ತನ್ನ ಪತ್ನಿಗಾಗಿ ಆಮ್ಲ ಕ್ಷಾರಗಳೆರಡೂ ಕೂಡಿದ ಬೇಕಿಂಗ್ ಪೌಡರನ್ನು ಸಿದ್ಧಪಡಿಸಿದನು. 1856ರಲ್ಲಿ ಅಮೆರಿಕದ ಎಬೆನ್ ಹಾರ್ಸ್‌ಫರ್ಡ್ ಕ್ಯಾಲ್ಸಿಯಂ ಫಾಸ್ಫೇಟಿನ ಆಮ್ಲಲವಣಕ್ಕೆ ಪೇಟೆಂಟ್ ಪಡೆದನು.

ಗಮನಾರ್ಹವಾದುದೇನೆಂದರೆ, ಯೀಸ್ಟಿಗೆ ಬದಲಿ ದೊರೆತಾಗಲೂ ಯೀಸ್ಟ್ ಎಂದರೇನೆಂಬ ವಾದ ಮುಗಿದಿರಲಿಲ್ಲ. ಅದು ಜೀವಿಯೆಂದು 1837ರ ಸುಮಾರಿಗೆ ಕಾನ್ಯಾರ್ ದ ಲಾ ತೂರ್ ಮತ್ತು ಶ್ವಾನ್ ಪ್ರತಿಪಾದಿಸಿದ್ದರು. ಹಾರ್ಸ್‌ಫರ್ಡನ ಗುರುವಾದ ಲೀಬಿಗ್, ಹುದುಗುವಿಕೆ ಕೇವಲ ರಾಸಾಯನಿಕ ವಿಘಟನೆಯೆಂದು ಹಟ ಹಿಡಿದನು. 1857ರಿಂದ 1860ರವರೆಗಿನ ಪ್ರಯೋಗಗಳಿಂದ ಪಾಶ್ಚರನು ಅದು ಜೀವಕ್ರಿಯೆಯೆಂಬ ಪಕ್ಷವನ್ನು ಬಲಪಡಿಸಿದನು. ಆದುದರಿಂದ ವಿಜ್ಞಾನವು ಅಡಿಗೆಮನೆಗೆ ಹುದುಗನ್ನು ಕಲಿಸಿತೆನ್ನುವುದು ಸಾಧುವಲ್ಲ; ಅಲ್ಲಿ ಅದಾಗಲೇ ನಡೆಯುತ್ತಿದ್ದುದನ್ನು ಅದು ವಿವರಿಸಿತು.

ಪುಡಿಯಿಂದ ಗೃಹಿಣಿಗೆ ಕಾಲವೂ ನಿಶ್ಚಯವೂ ದೊರೆತವು. ರಾತ್ರಿಯೆಲ್ಲ ಕಾಯಬೇಕಾದ ಕೆಲಸ ಸ್ವಲ್ಪ ಹೊತ್ತಿನಲ್ಲೇ ಮುಗಿಯುವಂತಾಯಿತು. ಇದು ಅಲ್ಪ ಲಾಭವಲ್ಲ. ಆದರೆ ನಿಧಾನವಾದ ಹುದುಗಿನಿಂದ ಬರುವ ರುಚಿ ಪುಡಿಯಿಂದ ಬಾರದು. ಅದಕ್ಕಿಂತ ಮುಖ್ಯವಾಗಿ, ಹುಳಿಹಿಟ್ಟು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಪುಡಿ ಮುಗಿದರೆ ಮತ್ತೆ ಕೊಳ್ಳಬೇಕು. 1868ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಫ್ಲೈಷ್‌ಮನ್ ಸಹೋದರರು ಅಚ್ಚೊತ್ತಿದ ಯೀಸ್ಟಿನ ತಯಾರಿಕೆಯನ್ನು ಆರಂಭಿಸಿದ ಮೇಲೆ ಜೀವಂತ ಹುದುಗೂ ಅಂಗಡಿಯ ಸರಕಾಯಿತು. ಪೇಟೆಂಟಿನ ದಾಖಲೆಗಳು ಹಾರ್ಸ್‌ಫರ್ಡನಂತಹವರ ಹೆಸರುಗಳನ್ನು ಉಳಿಸಿವೆ. ಶತಮಾನಗಳ ಕಾಲ ಆ ಹಿಟ್ಟಿನ ಮುದ್ದೆಯನ್ನು ಕೆಡದಂತೆ ಕಾಪಾಡಿದ ಸ್ತ್ರೀಯರ ಹೆಸರು ಯಾವ ದಾಖಲೆಯಲ್ಲಿಯೂ ಇಲ್ಲ. ಆದುದರಿಂದ ದಾಖಲೆಗಳಿಂದಲೇ ಆರಂಭವಾಗುವ ಹುದುಗಿನ ಚರಿತ್ರೆ ಅದರ ಉತ್ತರಾರ್ಧ ಮಾತ್ರವೆಂದು ತಿಳಿಯಬೇಕು.