ಆಟ ಕಟ್ಟುವವರ ಮಾತು ಮತ್ತು ಮೂಲಧನ

ಚರಿತ್ರೆಯೆಂದರೆ ಅರಸರ ವಂಶಾವಳಿಯೂ ಶಾಸನಗಳ ಕಾಲನಿರ್ಣಯವೂ ಮಾತ್ರವೆಂದು ಭಾವಿಸುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಒಂದು ಊರಿನ ಕಸುಬುಗಳ ಕಥೆಯೂ ಚರಿತ್ರೆಯೇ ಸರಿ. ಗಣಕಯಂತ್ರದ ತೆರೆಯ ಮೇಲೆ ಆಡುವ ಆಟಗಳನ್ನು ಕಟ್ಟುವ ಕಸುಬು ಬೆಂಗಳೂರಿಗೆ ಬಂದು ಕಾಲು ಶತಮಾನಕ್ಕೂ ಮೀರಿತು. ಮಕ್ಕಳ ಕೈಯಲ್ಲಿ ಇವನ್ನು ಕಂಡು ಗದರಿಸುವ ಹಿರಿಯರು, ಇವುಗಳ ಹಿಂದಣ ದುಡಿಮೆಯನ್ನೂ ವ್ಯಾಪಾರವನ್ನೂ ಅರಿತಿರುವುದು ವಿರಳ. ಆದುದರಿಂದ ಈ ಕಸುಬಿನ ಒಂದು ಪ್ರಕರಣವನ್ನು ವಾಚಕರ ಮುಂದಿಡುತ್ತೇವೆ.

1997ರಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ‘ಧ್ರುವ ಇಂಟರಾಕ್ಟಿವ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಭರತಖಂಡದಲ್ಲಿ ಈ ಉದ್ಯಮಕ್ಕೆ ಕೈಹಾಕಿದ ಮೊದಲಿಗರಲ್ಲಿ ಅವರೊಬ್ಬರು. ಸ್ವಂತದ್ದೊಂದು ದೊಡ್ಡ ಆಟವನ್ನು ಕಟ್ಟುವುದಾದರೆ ಒಂದು ಕಾಸೂ ಹಿಂದಿರುಗುವ ಮೊದಲು ವರ್ಷಗಟ್ಟಲೆ ಸಂಬಳ ಕೊಡಬೇಕು. ಧ್ರುವದವರು ಚಾರ್ಲಿ ಚಾಪ್ಲಿನನ ರೂಪವನ್ನು ಬಳಸುವ ಹಕ್ಕನ್ನು ಪಡೆದು, ದೂರವಾಣಿಯಲ್ಲಿ ಆಡುವ ಸಣ್ಣ ಆಟಗಳಿಗೂ ಯತ್ನಿಸಿದರು. ಆದರೆ ಸಂಸ್ಥೆಯನ್ನು ಮುಖ್ಯವಾಗಿ ಪೋಷಿಸಿದುದು ಪರದೇಶದ ಆಟಗಳಿಗೆ ಚಿತ್ರಾಂಗಗಳನ್ನು ರಚಿಸಿಕೊಡುವ ಕೆಲಸ. ‘ಫೋರ್ಜಾ’ ಎಂಬ ಪ್ರಸಿದ್ಧ ಪಂದ್ಯದಾಟದ ಮೋಟಾರುಗಳಲ್ಲಿ ಇವರ ಕೈಗೆಲಸವುಂಟು.

ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಲೇತುಗಳ ಸದ್ದನ್ನು ಕೇಳಿ ಬೆಳೆದವರಿಗೆ ಈ ಪದ್ಧತಿ ಹೊಸದಲ್ಲ. ಜಾಬ್ ವರ್ಕ್ ಮಾಡುವ ಸಣ್ಣ ಕಾರ್ಖಾನೆಯವನು ಇನ್ನೊಬ್ಬರ ನಕ್ಷೆಗೆ ತಕ್ಕಂತೆ ಬಿಡಿಭಾಗವನ್ನು ಕಡೆದು ಕೊಡುತ್ತಾನೆ. ಸಿದ್ಧವಾದ ಯಂತ್ರದ ಮೇಲೆ ಅವನ ಹೆಸರಿರದು. ಯಂತ್ರವನ್ನು ಕೊಂಡವನ ದೂರೂ ಅವನ ಬಾಗಿಲಿಗೆ ಬಾರದು.

ಇನ್ನು ಸ್ವೀಡನ್ ದೇಶದ ಕಡೆಗೆ ದೃಷ್ಟಿಯನ್ನು ಹರಿಸೋಣ. ಅಲ್ಲಿನ ಸ್ಟಾರ್‌ಬ್ರೀಜ್ ಸಂಸ್ಥೆಯವರ ‘ಪೇಡೇ 2’ ಎಂಬ ಆಟ 2013ರಲ್ಲಿ ಹೊರಬಂದಿತು. ಆಟದೊಳಗೆ ಚಿಲ್ಲರೆ ಚಿಲ್ಲರೆಯಾಗಿ ಹಣ ಕೀಳುವುದಿಲ್ಲವೆಂದು ಅದನ್ನು ಕಟ್ಟಿದವರು ಆಗ ಹೇಳಿದ್ದರು. 2015ರ ಅಕ್ಟೋಬರಿನಲ್ಲಿ ಆ ಮಾತು ತಪ್ಪಿತು. ಆಟಗಾರರಿಗೆ ಬೀಗ ಹಾಕಿದ ಪೆಟ್ಟಿಗೆಗಳು ದೊರೆಯುವುದು, ಅವನ್ನು ತೆರೆಯುವ ಸಾಧನಕ್ಕೆ ಹಣ ತೆರುವುದು, ಒಳಗಿನ ವಸ್ತುವಿನಿಂದ ಆಯುಧದ ಬಲ ಹೆಚ್ಚುವುದು—ಹೀಗಿತ್ತು ಹೊಸ ಏರ್ಪಾಡು. ಆಟಗಾರರು ಕೋಪಗೊಂಡರು. ಕೋಪಕ್ಕೆ ಕಾರಣ ಹಣದ ಮೊತ್ತವಲ್ಲ, ಕೊಟ್ಟ ಮಾತು. ಸಂಸ್ಥೆಯ ಕಷ್ಟವನ್ನೂ ಇಲ್ಲಿ ನೆನೆಯಬೇಕು: ಆಟವನ್ನು ಜನರು ಕೊಳ್ಳುವುದು ಒಂದೇ ಸಲ, ಅದನ್ನು ನಡಸಿಕೊಂಡು ಬರುವ ವೆಚ್ಚವಾದರೋ ವರ್ಷಾನುವರ್ಷ. 2016ರಲ್ಲಿ ಸ್ಟಾರ್‌ಬ್ರೀಜ್‌ನವರು ಆಟದ ಪೂರ್ಣ ಸ್ವಾಮ್ಯವನ್ನು 505 ಗೇಮ್ಸ್ ಎಂಬ ಪ್ರಕಾಶಕರಿಂದ ಕೊಂಡು, ಆ ಏರ್ಪಾಡನ್ನು ಕೈಬಿಟ್ಟರು.

ಅದೇ ವರ್ಷದ ಕೊನೆಯಲ್ಲಿ ಅವರು ಧ್ರುವದ ಬಹುಪಾಲನ್ನು ಸುಮಾರು 85 ಲಕ್ಷ ಡಾಲರುಗಳಿಗೆ ಕೊಳ್ಳಲು ಒಪ್ಪಂದ ಮಾಡಿಕೊಂಡರು. ಹೀಗೆ ಬೆಂಗಳೂರಿನ ನೂರಾರು ಕುಶಲಿಗಳ ಭಾಗ್ಯ ಸ್ಟಾಕ್‌ಹೋಮಿನ ಲೆಕ್ಕಪತ್ರಕ್ಕೆ ಗಂಟುಬಿದ್ದಿತು. 2018ರ ನವೆಂಬರಿನಲ್ಲಿ ಸ್ಟಾರ್‌ಬ್ರೀಜ್‌ನವರು ಬಹಳ ಆಸೆಯಿಂದ ಹೊರತಂದ ‘ದಿ ವಾಕಿಂಗ್ ಡೆಡ್’ ಆಟವನ್ನು ಜನ ಮೆಚ್ಚಲಿಲ್ಲ. ಮರುತಿಂಗಳೇ ಸಂಸ್ಥೆ ಪುನಾರಚನೆಗಾಗಿ ನ್ಯಾಯಾಲಯದ ಮೊರೆಹೊಕ್ಕಿತು. 2019ರಲ್ಲಿ ಧ್ರುವದ ಪಾಲು ಸುಮಾರು 79 ಲಕ್ಷ ಡಾಲರುಗಳಿಗೆ ರಾಕ್‌ಸ್ಟಾರ್ ಸಂಸ್ಥೆಗೆ ವಿಕ್ರಯವಾಗಿ, ಅದರ ಬೆಂಗಳೂರಿನ ಶಾಖೆಯಲ್ಲಿ ಲೀನವಾಯಿತು. ಕೆಲಸ ಊರಿನಲ್ಲಿಯೇ ಉಳಿಯಿತು; ಇಪ್ಪತ್ತೆರಡು ವರ್ಷ ಬಾಳಿದ ಹೆಸರು ಅಳಿಯಿತು.

ಇದರಿಂದ ನಾವು ಗ್ರಹಿಸಬೇಕಾದುದೇನು? ಬಿಡಿಭಾಗ ಕಡೆಯುವವನಿಗೆ ಆಟಗಾರನ ಕೋಪ ನೇರವಾಗಿ ತಟ್ಟದಿದ್ದರೂ, ಆ ಕೋಪವನ್ನೂ ಬೇಸರವನ್ನೂ ಉಂಡ ಒಡೆಯನ ನಷ್ಟ ತಟ್ಟದೆ ಬಿಡದು. ಆಟಗಾರನಿಗೆ ಮಾತು ಕೊಡುವ ಅಧಿಕಾರವಿಲ್ಲದವನಿಗೆ ಅದನ್ನು ಉಳಿಸಿಕೊಳ್ಳುವ ಅವಕಾಶವೂ ಇಲ್ಲ. ಹಾಗೆಂದು ಪರರ ಕೆಲಸ ಮಾಡಿದವರನ್ನು ಹಳಿಯುವುದು ನ್ಯಾಯವಲ್ಲ. ಆ ಕೂಲಿಯೇ ಈ ಊರಿಗೆ ಆ ವಿದ್ಯೆಯನ್ನು ಕಲಿಸಿತು. ವಿಜಯನಗರ, ಕೆಂಗೇರಿಗಳ ಮನೆಗಳಿಂದ ಇಂದು ಈ ಕಸುಬಿಗೆ ಹೊರಡುವ ತರುಣರಿಗೆ ಕೈಚಳಕ ಆಗಲೇ ಸಿದ್ಧವಾಗಿದೆ. ಅವರು ಮುಂದೆ ತಮ್ಮ ಹೆಸರಿನಲ್ಲಿಯೇ ಆಟ ಕಟ್ಟುವಾಗ, ಮೂಲಧನವನ್ನು ಎಣಿಸುವಷ್ಟೇ ಎಚ್ಚರದಿಂದ ಆಡಿದ ಮಾತನ್ನೂ ಎಣಿಸಿಕೊಳ್ಳಲಿ ಎಂಬುದೇ ನಮ್ಮ ಹಾರೈಕೆ.