ಇಂಪೀರಿಯಲ್ ಮರಳುದಿಬ್ಬಗಳ ವಿಹಾರ ಪ್ರದೇಶ

ಇಂಪೀರಿಯಲ್ ಮರಳುದಿಬ್ಬಗಳ ವಿಹಾರ ಪ್ರದೇಶವು ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯ ರಾಜ್ಯದ ಆಗ್ನೇಯ ಮೂಲೆಯಲ್ಲಿ, ಮೆಕ್ಸಿಕೊ ಗಡಿಗೆ ತಾಗಿದಂತೆ ಇಂಪೀರಿಯಲ್ ಕೌಂಟಿಯಲ್ಲಿದೆ. ಇಲ್ಲಿನ ಮರಳಿನ ಸಾಲಿಗೆ ಅಲ್ಗೊಡೋನ್ಸ್ ದಿಬ್ಬಗಳೆಂದು ಹೆಸರು. ರಸ್ತೆಯಿಲ್ಲದ ನೆಲದಲ್ಲಿ ಓಡುವ ಬಗ್ಗಿ, ಮೋಟಾರುಸೈಕಲ್ ಮತ್ತು ನಾಲ್ಕು ಚಕ್ರದ ಎ.ಟಿ.ವಿ. ವಾಹನಗಳ ಸವಾರಿಗೆ ಇದು ಆ ದೇಶದಲ್ಲಿ ಬಹು ಪ್ರಸಿದ್ಧವಾದ ಸ್ಥಳ. ಸವಾರರು ಇಡೀ ಪ್ರದೇಶವನ್ನು 'ಗ್ಲಾಮಿಸ್' ಎಂದೇ ಕರೆಯುವುದುಂಟು. ವಾಸ್ತವವಾಗಿ ಗ್ಲಾಮಿಸ್ ಎಂಬುದು ದಿಬ್ಬಗಳ ಪೂರ್ವದಂಚಿನಲ್ಲಿ, ರೈಲುಹಳಿಯ ಪಕ್ಕದಲ್ಲಿರುವ ಒಂದು ಸಣ್ಣ ನೆಲೆ. ಪ್ರದೇಶದ ಆಡಳಿತವನ್ನು ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ನೋಡಿಕೊಳ್ಳುತ್ತದೆ.

ದಿಬ್ಬಗಳ ಸ್ವರೂಪ

ಈ ಸಾಲು ಸುಮಾರು 72 ಕಿ.ಮೀ. ಉದ್ದ, 10 ಕಿ.ಮೀ. ಅಗಲವಿದ್ದು, ಕೆಲವು ದಿಬ್ಬಗಳು 90 ಮೀಟರ್‌ವರೆಗೆ ಏರಿವೆ. ಹಿಂದೆ ಇದರ ಪಶ್ಚಿಮಕ್ಕಿದ್ದ ಕಹ್ವಿಯ ಎಂಬ ವಿಶಾಲ ಸರೋವರ ಬತ್ತಿದಾಗ, ಅದರ ದಡದ ಮರಳನ್ನು ಗಾಳಿ ಹೊತ್ತು ತಂದು ಇಲ್ಲಿ ರಾಶಿ ಹಾಕಿತೆಂಬುದು ಸಾಮಾನ್ಯವಾಗಿ ಒಪ್ಪಲಾಗಿರುವ ವಿವರಣೆ.

ಇಲ್ಲಿಗೆ ಬರುವವರು ಮೊದಲು ತಿಳಿಯಬೇಕಾದದ್ದು ದಿಬ್ಬದ ಎರಡು ಮಗ್ಗುಲುಗಳ ವ್ಯತ್ಯಾಸ. ಗಾಳಿಗೆದುರಾದ ಮಗ್ಗುಲು ನಿಧಾನವಾಗಿ ಏರುತ್ತದೆ. ಮರಳು ಶಿಖರ ದಾಟಿ ಆಚೆ ಜಾರಿಬೀಳುವುದರಿಂದ ಗಾಳಿಮರೆಯ ಮಗ್ಗುಲು ಸುಮಾರು 30 ಡಿಗ್ರಿಗಿಂತ ಹೆಚ್ಚು ಕಡಿದಾಗಿರುತ್ತದೆ. ಸುಲಭದ ಏರಿನಲ್ಲಿ ವೇಗವಾಗಿ ಬರುವ ಸವಾರನಿಗೆ ತುದಿಯಾಚೆಯ ಇಳಿಜಾರಾಗಲಿ, ಎದುರಿನಿಂದ ಏರಿಬರುವ ಇನ್ನೊಂದು ವಾಹನವಾಗಲಿ ಕಾಣುವುದಿಲ್ಲ. ಗಾಳಿ ಕೊರೆದ ಬೋಗುಣಿಯಾಕಾರದ ಆಳ ಗುಂಡಿಗಳೂ ಅಲ್ಲಲ್ಲಿ ಇರುತ್ತವೆ. ನಡುಹಗಲಿನಲ್ಲಿ ನೆರಳು ಅಳಿಸಿಹೋಗಿ ಉಬ್ಬುತಗ್ಗುಗಳೆಲ್ಲ ಸಮತಟ್ಟಾಗಿ ತೋರುತ್ತವೆ. ದಿಬ್ಬದ ರೂಪವು ಗಾಳಿಯೊಂದಿಗೆ ಬದಲಾಗುವುದರಿಂದ ಹಿಂದಿನ ವರ್ಷದ ಪರಿಚಯವನ್ನು ಪೂರ್ತಿ ನಂಬುವಂತಿಲ್ಲ.

ಹಲಗೆ ರಸ್ತೆ

ಮೋಟಾರು ವಾಹನಗಳಿಗೆ ಈ ಮರಳು ಮೊದಲು ವಿಹಾರವಾಗಿರಲಿಲ್ಲ, ಅಡ್ಡಿಯಾಗಿತ್ತು. ಸ್ಯಾನ್ ಡಿಯೇಗೊ ನಗರವನ್ನು ಅರಿಜೋನದ ಯೂಮಾದೊಂದಿಗೆ ಜೋಡಿಸಲು 1915ರಲ್ಲಿ ದಿಬ್ಬಗಳ ಮೇಲೆ ಮರದ ಹಲಗೆಗಳನ್ನು ಹಾಸಲಾಯಿತು. ಅವು ಬೇಗನೆ ಹಾಳಾದುದರಿಂದ 1916ರಲ್ಲಿ ಹೊಸ ಹಲಗೆ ರಸ್ತೆ ಬಂದಿತು. ಒಂದೇ ವಾಹನ ಹೋಗುವಷ್ಟು ಅಗಲವಿದ್ದ ಅದರಲ್ಲಿ ಎದುರು ವಾಹನಕ್ಕೆ ದಾರಿ ಬಿಡಲು ಅಲ್ಲಲ್ಲಿ ತಂಗುತಾಣಗಳಿದ್ದವು. ಎದುರಾದವರಲ್ಲಿ ಹಿಂದೆ ಸರಿಯಬೇಕಾದವರು ಯಾರೆಂಬ ಜಗಳ ಅಪರೂಪವಾಗಿರಲಿಲ್ಲ. 1926ರಲ್ಲಿ ಭದ್ರ ಹೆದ್ದಾರಿಯಾದ ಮೇಲೆ ಹಲಗೆ ರಸ್ತೆ ಬಳಕೆ ತಪ್ಪಿತು. ಅದರ ಒಂದು ತುಂಡನ್ನು ದಕ್ಷಿಣ ಭಾಗದಲ್ಲಿ ಈಗಲೂ ಕಾಪಾಡಲಾಗಿದೆ. ಅದೇ ಭಾಗದ ಬಟರ್‌ಕಪ್ ಕಣಿವೆಯಲ್ಲಿ 1983ರಲ್ಲಿ ತೆರೆಕಂಡ 'ರಿಟರ್ನ್ ಆಫ್ ದ ಜೇಡೈ' ಚಲನಚಿತ್ರದ ಮರುಭೂಮಿ ದೃಶ್ಯಗಳನ್ನು ಚಿತ್ರಿಸಲಾಯಿತು.

ಭೇಟಿ ಮತ್ತು ಸವಾರಿ

ಬೇಸಿಗೆಯಲ್ಲಿ ಇಲ್ಲಿನ ತಾಪಮಾನ 43 ಡಿಗ್ರಿ ಸೆಲ್ಸಿಯಸ್ ಮೀರುವುದರಿಂದ ಅಕ್ಟೋಬರಿನಿಂದ ವಸಂತದವರೆಗಿನ ಅವಧಿಯೇ ಸವಾರಿಯ ಕಾಲ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆಯಲ್ಲಿ ಲಕ್ಷಕ್ಕೂ ಮಿಕ್ಕಿದ ಜನ ಸೇರಿದ್ದುಂಟು. ಆಗ ಮರುಭೂಮಿಯಲ್ಲಿ ಒಂದು ತಾತ್ಕಾಲಿಕ ನಗರವೇ ಏಳುತ್ತದೆ. ಈ ಕಾಲದಲ್ಲಿ ಪರವಾನಗಿ ಪಡೆಯುವುದು ಕಡ್ಡಾಯ. ಕುಡಿಯುವ ನೀರನ್ನು ಜೊತೆಯಲ್ಲೇ ತರಬೇಕು, ಕಸವನ್ನು ಮರಳಿ ಒಯ್ಯಬೇಕು. ಗಾಜಿನ ಬಾಟಲಿಗಳಿಗೆ ಅನುಮತಿಯಿಲ್ಲ. ಒಡೆದ ಚೂರು ಮರಳಿನಲ್ಲಿ ಹುದುಗಿದರೆ ಬರಿಗಾಲಿಗೆ ತಾಗುವವರೆಗೆ ಯಾರಿಗೂ ಕಾಣುವುದಿಲ್ಲ.

ಮರಳಿನಲ್ಲಿ ಚಕ್ರ ಹೂತುಹೋಗದಿರಲು ಟೈರಿನ ಗಾಳಿಯನ್ನು ಕಡಿಮೆ ಮಾಡುತ್ತಾರೆ. ಟೈರು ಅಗಲವಾಗಿ ಹರಡಿಕೊಂಡು ಭಾರವನ್ನು ಹಂಚುತ್ತದೆ. ಹಿಂದಿನ ಚಕ್ರಗಳಿಗೆ ಹುಟ್ಟಿನಂತಹ ಪಟ್ಟಿಗಳುಳ್ಳ ಟೈರು ಹಾಕುವುದೂ ವಾಡಿಕೆ. ಹೆದ್ದಾರಿಗೆ ಮರಳುವ ವಾಹನಕ್ಕೆ ಮತ್ತೆ ಗಾಳಿ ತುಂಬಿಸಲೇಬೇಕು.

ಪ್ರತಿ ವಾಹನದಲ್ಲೂ ನೆಲದಿಂದ 8 ಅಡಿ ಎತ್ತರಕ್ಕೆ ಏಳುವ ಬಾವುಟದ ಕೋಲು ಇರಬೇಕೆಂಬುದು ಇಲ್ಲಿನ ನಿಯಮ. ಹೊಸಬರಿಗೆ ಅಲಂಕಾರವೆನಿಸುವ ಈ ಬಾವುಟವು ದಿಬ್ಬದ ಆಚೆಯಿರುವ ಸವಾರನಿಗೆ ವಾಹನಕ್ಕಿಂತ ಮೊದಲೇ ಕಾಣುತ್ತದೆ. ಅನುಭವಿಗಳು ನೇರವಾಗಿ ತುದಿ ಹಾರದೆ, ಅಂಚಿನುದ್ದಕ್ಕೂ ಓರೆಯಾಗಿ ಸಾಗಿ ಆಚೆಬದಿಯನ್ನು ನೋಡಿಕೊಂಡೇ ಇಳಿಯುತ್ತಾರೆ. ಡೇರೆಗಳ ಸಮೀಪ ವೇಗದ ಮಿತಿ ಗಂಟೆಗೆ 15 ಮೈಲಿ. ಗಾಯಗೊಂಡವರನ್ನು ಬ್ರಾಲಿ, ಎಲ್ ಸೆಂಟ್ರೊ ಅಥವಾ ಯೂಮಾದಂತಹ ದೂರದ ಊರುಗಳ ಆಸ್ಪತ್ರೆಗೆ ಸಾಗಿಸಬೇಕಾಗುವುದರಿಂದ ಒಂಟಿಯಾಗಿ ಸವಾರಿಗೆ ಹೊರಡುವುದು ವಿಹಿತವಲ್ಲ.

ಸಸ್ಯಸಂಪತ್ತು ಮತ್ತು ವಿವಾದ

ಬರಡೆಂದು ತೋರುವ ಈ ಮರಳಿನಲ್ಲಿ ಪಿಯರ್‌ಸನ್ಸ್ ಮಿಲ್ಕ್‌ವೆಚ್ ಎಂಬ ಅವರೆ ಕುಟುಂಬದ ಗಿಡ ಬೆಳೆಯುತ್ತದೆ. ಅಮೆರಿಕದಲ್ಲಿ ಇದರ ನೆಲೆ ಈ ದಿಬ್ಬಗಳು ಮಾತ್ರ. 1998ರಲ್ಲಿ ಕೇಂದ್ರ ಸರ್ಕಾರ ಇದನ್ನು ಅಪಾಯಕ್ಕೊಳಗಾದ ಸಸ್ಯಗಳ ಪಟ್ಟಿಗೆ ಸೇರಿಸಿತು. ಪರಿಸರ ಸಂಘಟನೆಗಳು ನ್ಯಾಯಾಲಯಕ್ಕೆ ಹೋದ ಪರಿಣಾಮವಾಗಿ 2000ದಲ್ಲಿ ಒಪ್ಪಂದವಾಗಿ, ಸುಮಾರು 49,000 ಎಕರೆಯಲ್ಲಿ ವಾಹನಗಳನ್ನು ತಾತ್ಕಾಲಿಕವಾಗಿ ನಿಷೇಧಿಸಲಾಯಿತು. ಚಕ್ರಗಳು ಎಳೆಯ ಗಿಡಗಳನ್ನು ನಾಶಮಾಡುತ್ತವೆಂಬುದು ಸಂಘಟನೆಗಳ ವಾದ; ಮಳೆ ಬಿದ್ದ ವರ್ಷ ಗಿಡಗಳು ಯಥೇಚ್ಛವಾಗಿ ಏಳುತ್ತವೆಂಬುದು ಸವಾರರ ವಾದ. ಬೀಜಗಳು ಮರಳಿನಲ್ಲಿ ವರ್ಷಗಟ್ಟಲೆ ಸುಪ್ತವಾಗಿದ್ದು ತಕ್ಕ ಮಳೆಗೆ ಮೊಳೆಯುವುದರಿಂದ, ಒಂದು ವರ್ಷದ ಎಣಿಕೆಯಿಂದ ಎರಡರಲ್ಲಿ ಯಾವುದನ್ನೂ ಸ್ಥಾಪಿಸಲಾಗದು. 2013ರ ನಿರ್ವಹಣಾ ಯೋಜನೆಯು ಗಿಡದ ಮುಖ್ಯ ಆವಾಸವನ್ನು ಮುಚ್ಚಿಟ್ಟು, ಹಿಂದೆ ನಿಷೇಧವಿದ್ದ ನೆಲದ ಬಹುಭಾಗವನ್ನು ಸವಾರಿಗೆ ತೆರೆಯಿತು. 78ನೆಯ ಹೆದ್ದಾರಿಯ ಉತ್ತರಕ್ಕಿರುವ ದಿಬ್ಬಗಳ ಬಹುಪಾಲನ್ನು 1994ರಲ್ಲೇ ಕಾಯಿದೆಯ ಮೂಲಕ ವನ್ಯಪ್ರದೇಶವೆಂದು ಘೋಷಿಸಲಾಗಿದ್ದು, ಅಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಕಾಲ್ನಡಿಗೆಯವರು ಮತ್ತು ಕುದುರೆ ಸವಾರರು ಹೋಗಬಹುದು.